ಮೈಕ್ ಸರಿ ಮಾಡಲು ಬಂದವನು: ಗಾಲಿಕುರ್ಚಿಯ ಗೆಳೆಯ ಮತ್ತು ನಮ್ಮ ಚರ್ಚ್, ಒಂದು ಪ್ರಕರಣ

ಇದು ಕೇರಳದ ಗಡಿಯ, ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಕೆಥೋಲಿಕ್ ಚರ್ಚಿನಲ್ಲಿ ನಡೆದದ್ದು. ಗೆಳೆಯನ ಹೆಸರು ಬದಲಾಯಿಸಿದ್ದೇನೆ, ಸಿರಿಲ್ ಅಂತ ಇಟ್ಟುಕೊಳ್ಳೋಣ. ಊರು, ಚರ್ಚು, ವರ್ಷ ಯಾವುದನ್ನೂ ಹೇಳುವುದಿಲ್ಲ. ಬರೆದದ್ದನ್ನು ಅವನಿಗೆ ಓದಿ ಹೇಳಿದ್ದೇನೆ, ಅವನು ಬೇಡ ಅಂದದ್ದನ್ನು ತೆಗೆದಿದ್ದೇನೆ. ಅಕ್ಕಪಕ್ಕದ ಚರ್ಚಿನವರು ಆಗಾಗ ಕೇಳುತ್ತಾರೆ, "ನಿಮ್ಮಲ್ಲಿ ರ‍್ಯಾಂಪ್ ಮಾಡಿದಿರಂತೆ, ಎಷ್ಟು ಖರ್ಚಾಯಿತು?" ಅಂತ. ರ‍್ಯಾಂಪಿನ ಅಳತೆಯ ಲೆಕ್ಕ ಆಮೇಲೆ ಬರುತ್ತದೆ. ಅದಕ್ಕೆ ಮೊದಲು ಹೇಳಬೇಕಾದದ್ದು ತುಂಬಾ ಇದೆ.

ಯಾರು, ಎಲ್ಲಿ

ಸಿರಿಲ್ ಮತ್ತು ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ಒಂದೇ ಬೆಂಚು. ಅವನ ಮನೆಮಾತು ಕೊಂಕಣಿ, ನಮ್ಮಿಬ್ಬರ ಮಾತು ಕನ್ನಡ, ಪೇಟೆಗೆ ಹೋದರೆ ತುಳು, ಮಲಯಾಳ. ಗಡಿಯಲ್ಲಿ ಇದೆಲ್ಲ ಮಾಮೂಲು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ಇಲ್ಲಿಯ ಕೊಂಕಣಿ ಕೆಥೋಲಿಕರ ಚರ್ಚುಗಳು ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ, ಅಂದರೆ ಮಂಗಳೂರು ಬಿಷಪರ ಕೆಳಗೇ ಇವೆ. ಹಾಗಾಗಿ ಫಾದರ್ ವರ್ಗವಾಗಿ ಬರುವುದು ಆ ಕಡೆಯಿಂದ. ದೊಡ್ಡ ಆಸ್ಪತ್ರೆ ಅಂದರೂ ಮಂಗಳೂರೇ. ಪಿಂಚಣಿ, ಪಂಚಾಯತಿನ ಕಾಗದ ಮಾತ್ರ ಹೆಚ್ಚಾಗಿ ಮಲಯಾಳದಲ್ಲಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಡಿಸ್ಚಾರ್ಜ್ ಚೀಟಿ ಮನೆಯ ಕಪಾಟಿನಲ್ಲೇ ಉಳಿಯಿತು, ಇಲ್ಲಿಯ ಪಂಚಾಯತಿನ ನರ್ಸಿಗೆ ಇಂಥವನೊಬ್ಬ ಇದ್ದಾನೆ ಅಂತಲೇ ಗೊತ್ತಾಗಲಿಲ್ಲ, ಎರಡನ್ನೂ ಸೇರಿಸುವ ಕೆಲಸ ಯಾರದ್ದೂ ಆಗಿರಲಿಲ್ಲ.

ಸಿರಿಲ್‌ನ ಕಸುಬು ವೈರಿಂಗ್. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡಲು ಕೂಡ ಹೋಗುತ್ತಿದ್ದ. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮದ್ದು, ಕೊಳೆರೋಗಕ್ಕೆ. ಕೂಲಿ ಒಳ್ಳೆಯದಿರುತ್ತದೆ, ಮರ ಹತ್ತುವವರು ಸಿಗುವುದಿಲ್ಲ. ಹಾಗೆ ಹತ್ತಿದಾಗ ಒಂದು ಸಲ ಬಿದ್ದ. ಬೆನ್ನುಹುರಿಗೆ ಏಟಾಯಿತು. ಕೈ, ಭುಜ ಎಲ್ಲ ಗಟ್ಟಿ ಇದೆ. ಹೊಕ್ಕುಳಿನಿಂದ ಕೆಳಗೆ ಚಲನೆ ಇಲ್ಲ, ಸ್ಪರ್ಶ ಇಲ್ಲ, ಮೂತ್ರ ಮಲದ ಹಿಡಿತವೂ ಇಲ್ಲ. ಆಗ ಅವನಿಗೆ ಮೂವತ್ತೈದರ ಆಸುಪಾಸು. ಮದುವೆಯಾಗಿರಲಿಲ್ಲ. ಅಣ್ಣ ಕುವೈತಿನಲ್ಲಿ, ಅಪ್ಪ ತೀರಿಕೊಂಡಿದ್ದಾರೆ, ಮನೆಯಲ್ಲಿ ಅವನು ಮತ್ತು ಅಮ್ಮ.

ಕಾಸರಗೋಡಿನಲ್ಲಿ ಗಾಲಿಕುರ್ಚಿಯಲ್ಲಿ ಕೂತವರನ್ನು ಕಂಡರೆ ಜನ ಮೊದಲು ಕೇಳುವುದು "ಪಟ್ಟಿಯಲ್ಲಿ ಹೆಸರು ಬಂದಿದೆಯಾ?" ಅಂತ. ಎಂಡೋಸಲ್ಫಾನ್ ಪಟ್ಟಿ, ಅಂದರೆ ಆ ಕೀಟನಾಶಕದಿಂದ ತೊಂದರೆಯಾದವರಿಗೆ ಸಹಾಯ ಕೊಡಲು ಮಾಡಿದ ಪಟ್ಟಿ. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದರ ಫಲವನ್ನು ಎಣ್ಮಕಜೆ, ಪಡ್ರೆ ಕಡೆಯ ಮನೆಗಳು ಇನ್ನೂ ಅನುಭವಿಸುತ್ತಿವೆ, ಆದ್ದರಿಂದ ಆ ಪ್ರಶ್ನೆ ಸಹಜ. ಸಿರಿಲ್ ಆ ಪಟ್ಟಿಗೆ ಸೇರಿದವನಲ್ಲ, ಆ ಸಹಾಯವೂ ಇಲ್ಲ. ಪ್ರತಿ ಸಲ ಬಿದ್ದ ಕಥೆಯನ್ನು ಮೊದಲಿನಿಂದ ಹೇಳಬೇಕು. ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

ಬೀಳುವ ಮೊದಲು ಚರ್ಚಿನ ಮೈಕ್ ಅವನದೇ ಜವಾಬ್ದಾರಿ. ಆಂಪ್ಲಿಫೈಯರ್, ಸ್ಪೀಕರ್, ಹಬ್ಬದ ದಿನ ಹೊರಗಿನ ಲೈಟು ಎಲ್ಲ. ಭಕ್ತಿ ಅಷ್ಟಕ್ಕಷ್ಟೆ, ಆದರೆ ಪೂಜೆ ತಪ್ಪಿಸುತ್ತಿರಲಿಲ್ಲ, ಯಾಕೆಂದರೆ ಅವನಿಲ್ಲದಿದ್ದರೆ ಮೈಕ್ ಕೂಗುತ್ತಿತ್ತು.

ಮನೆಯಲ್ಲಿ ಉಳಿದ ಮೇಲೆ

ಮೊದಲ ಕೆಲವು ತಿಂಗಳು ಮನೆ ತುಂಬಾ ಜನ. ವಾಳೆಯ (ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿನ) ಗುರ್ಕಾರರು ಅಂದರೆ ಮುಖಂಡರು, ಕನ್ಯಾಸ್ತ್ರೀಯರು, ಯುವಕರ ಸಂಘದವರು, ದೂರದ ನೆಂಟರು. ಹಾರ್ಲಿಕ್ಸ್, ಕಿತ್ತಳೆ. ಅಮ್ಮ ಚಾ ಮಾಡಿ ಮಾಡಿ ಸುಸ್ತು. ಆಗಿನ ವಿಗಾರರು (ಚರ್ಚಿನ ಮುಖ್ಯ ಫಾದರ್) ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತರುತ್ತಿದ್ದರು. ಒಂದು ಸಲ ರೋಗಿಗಳ ಅಭ್ಯಂಗದ ಎಣ್ಣೆಯನ್ನೂ ತಂದಾಗ ಅಮ್ಮ ಗಾಬರಿಯಾಗಿ ಅತ್ತುಬಿಟ್ಟರು. ಅವರ ಕಾಲದಲ್ಲಿ ಅದು ಸಾಯುವವರಿಗೆ ಮಾತ್ರ ಕೊಡುವ ಸಂಸ್ಕಾರ. 1960ರ ದಶಕದಲ್ಲಿ ಬಿಷಪರು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಗಂಭೀರ ಕಾಯಿಲೆಯಲ್ಲಿರುವ ಯಾರಿಗಾದರೂ ಕೊಡಬಹುದು, ಮತ್ತೆ ಮತ್ತೆಯೂ ಕೊಡಬಹುದು ಅಂತ ಆಗಿದೆ, ಆದರೆ ಅದನ್ನು ಅಮ್ಮನಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಚಿಕ್ಕ ವಿಷಯ. ಆ ಮನೆಗೆ ಚಿಕ್ಕದಾಗಿರಲಿಲ್ಲ.

ಪ್ರಾರ್ಥನೆಯ ಗುಂಪೊಂದು ಬಂದು ತಲೆಯ ಮೇಲೆ ಕೈ ಇಟ್ಟು, ಜೋರಾಗಿ, "ಎದ್ದು ನಡೆ" ಅಂತ ಬೇಡಿತು. ಹೋಗುವಾಗ ಒಬ್ಬರು "ನಂಬಿಕೆ ಗಟ್ಟಿಯಿದ್ದರೆ ಆಗದೇ ಇರುವುದು ಯಾವುದೂ ಇಲ್ಲ" ಅಂದರು. ಅಂದರೆ ಕಾಲು ಬಾರದಿದ್ದರೆ ತಪ್ಪು ಇವನದು. ಅವರಿಗೆ ಹಾಗೆ ಅನ್ನಿಸಿರಲಿಕ್ಕಿಲ್ಲ, ಕೇಳಿಸಿಕೊಂಡವನಿಗೆ ಅನ್ನಿಸಿತು. ಆ ಮೇಲೆ ಅವನು ಯಾರು ಬಂದರೂ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ.

ಜನ ಕಡಿಮೆಯಾದರು. ಪೂಜೆಗೆ ಬರುವ ಮಾತು ಬಂದಾಗಲೆಲ್ಲ ಚರ್ಚಿನವರದು ಒಂದೇ ಉತ್ತರ, "ಮೊಬೈಲಿನಲ್ಲಿ ಲೈವ್ ಬರುತ್ತದಲ್ಲ, ನೋಡಲಿ ಬಿಡಿ." ಕೊರೊನಾ ಕಾಲದಲ್ಲಿ ಶುರುವಾದ ಲೈವ್. ಎಲ್ಲರೂ ಮನೆಯಲ್ಲಿದ್ದಾಗ ಅದು ಎಲ್ಲರನ್ನೂ ಸೇರಿಸಿತು, ನಿಜ. ಎಲ್ಲರೂ ವಾಪಸ್ ಹೋದ ಮೇಲೆ ಮನೆಯಲ್ಲೇ ಉಳಿದವನಿಗೆ ಅದು, ಇನ್ನು ನೀನು ಅಲ್ಲೇ ಇರು ಅಂದಹಾಗೆ. ಇದರಿಂದ ಚರ್ಚಿನವರಿಗೆ ನೆಮ್ಮದಿ. ಕರೆದುಕೊಂಡು ಬರುವ ತಲೆನೋವು ಇಲ್ಲ, ಕೈಬಿಟ್ಟೆವು ಅನ್ನುವ ಬೇಸರವೂ ಇಲ್ಲ.

ಇನ್ನೊಂದು ವಿಷಯ ಯಾರ ಕಣ್ಣಿಗೂ ಬೀಳಲಿಲ್ಲ. ಅವನು ಬಿದ್ದ ದಿನದಿಂದ ಅವನ ಅಮ್ಮನೂ ಭಾನುವಾರದ ಪೂಜೆಗೆ ಬಂದಿರಲಿಲ್ಲ. ಬಿಟ್ಟು ಬರುವುದು ಹೇಗೆ? ಎಲ್ಲರೂ "ಸಿರಿಲ್ ಹೇಗಿದ್ದಾನೆ" ಅಂತ ಕೇಳಿದರು. ಅಮ್ಮನ ಬಗ್ಗೆ ಕೇಳಿದವರು ಇಲ್ಲ.

ಹಬ್ಬದ ದಿನ ಹೊತ್ತು ತಂದದ್ದು

ಚರ್ಚಿನ ವಾರ್ಷಿಕ ಹಬ್ಬಕ್ಕೆ ಅವನನ್ನು ತರಬೇಕು ಅಂತ ಯುವಕರು ತೀರ್ಮಾನಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಅವನಿಗೆ ಹೇಳಿದ್ದು ಹಿಂದಿನ ರಾತ್ರಿ. ಬೆಳಿಗ್ಗೆ ನಾಲ್ಕೈದು ಜನ ಬಂದರು, ಕುರ್ಚಿ ಸಮೇತ ಎತ್ತಿ ತೋಡಿನ ಸಂಕ (ಕಾಲುಸೇತುವೆ) ದಾಟಿಸಿ, ಗುಡ್ಡದ ಮೆಟ್ಟಿಲು ಹತ್ತಿಸಿ, ಜೀಪಿಗೆ ಹಾಕಿ, ಚರ್ಚಿನ ಎದುರಿನ ಮೆಟ್ಟಿಲನ್ನೂ ಹಾಗೇ ಹತ್ತಿಸಿ, ಎಲ್ಲರಿಗಿಂತ ಮುಂದೆ, ಬೆಂಚಿನ ಸಾಲಿನ ಹೊರಗೆ ಇಟ್ಟರು. ಪೂಜೆಯ ಕೊನೆಗೆ ಅವನ ಹೆಸರು ಹೇಳಿದರು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಸಾಲಾಗಿ ಬಂದು ತಲೆ ಸವರಿದರು, ಕೆಲವರು ಕಿಸೆಗೆ ದುಡ್ಡು ಹಾಕಿದರು.

ಅವನ ಕಡೆಯ ವಿವರ ನನಗೆ ಸಿಕ್ಕಿದ್ದು ತುಂಬಾ ದಿನ ಕಳೆದ ಮೇಲೆ. ಆಗ ಅವನಿಗೆ ಮೂತ್ರಕ್ಕೆ ಖಾಯಂ ಟ್ಯೂಬ್, ಚೀಲ ಇತ್ತು. ಎತ್ತಿ ಇಳಿಸುವಾಗ ಟ್ಯೂಬ್ ಮಡಚಿ ಸೋರಿತು. ಪ್ಯಾಂಟು ಒದ್ದೆ. ಎಲ್ಲರ ಮುಂದೆ ಕೂತಿದ್ದಾನೆ, ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೂ ಹೋಗಲು ಜಾಗ ಇಲ್ಲ. ಹಬ್ಬದ ಪೂಜೆ, ಆಮೇಲೆ ಸನ್ಮಾನ, ಎರಡು ಗಂಟೆಯ ಮೇಲೆ ಅಲುಗಾಡದೆ ಕೂತ. ರಾತ್ರಿ ಅಮ್ಮ ನೋಡಿದಾಗ ಸೊಂಟದ ಕೆಳಗೆ ಕೆಂಪು ಕಲೆ. ಒಂದು ವಾರದಲ್ಲಿ ಅದು ಹುಣ್ಣಾಯಿತು. ಹೊಟ್ಟೆಯ ಮೇಲೆ ಮಲಗಿ ತಿಂಗಳುಗಳನ್ನು ಕಳೆದ. ಚರ್ಚು ಅನ್ನುವ ಮಾತನ್ನೇ ಎತ್ತಬೇಡಿ ಅಂದ.

ಅಮ್ಮ ಇದನ್ನು ನಂಬಿಕೆ ಹೋಯಿತು ಅಂತ ತಿಳಿದರು. ಯುವಕರು, ಇಷ್ಟು ಮಾಡಿದರೂ ಉಪಕಾರಸ್ಮರಣೆ ಇಲ್ಲ ಅಂದುಕೊಂಡರು. ಎರಡೂ ಕಡೆ ಬೇಸರ. ನಡುವೆ ಒಂದು ಒದ್ದೆ ಪ್ಯಾಂಟಿನ ವಿಷಯ ಯಾರಿಗೂ ಗೊತ್ತಿಲ್ಲದೆ ಕೂತಿತ್ತು.

ನರ್ಸ್ ಕೇಳಿದ ಪ್ರಶ್ನೆ

ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ (ದೀರ್ಘ ಕಾಯಿಲೆಯವರ ಆರೈಕೆಯ) ನೀತಿ ಬಂದ ಮೇಲೆ ಪಂಚಾಯತಿನ ಮೂಲಕ ನರ್ಸ್ ಮನೆಗೇ ಬರುವ ವ್ಯವಸ್ಥೆ ಬೆಳೆದಿದೆ. ಕ್ಯಾನ್ಸರಿನವರಿಗೆ ಮಾತ್ರ ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹಾಸಿಗೆ ಹಿಡಿದವರು, ಬೆನ್ನುಹುರಿಗೆ ಏಟಾದವರು ಎಲ್ಲರಿಗೂ ಸಿಗುತ್ತದೆ. ಹುಣ್ಣಿನ ಡ್ರೆಸಿಂಗಿಗೆ ದಾರಿ ಹುಡುಕುವಾಗ ಆಶಾ ಕಾರ್ಯಕರ್ತೆ ಹೇಳಿ, ಆ ನರ್ಸ್ ಬರತೊಡಗಿದರು. ಅರ್ಧ ಮಲಯಾಳ, ಅರ್ಧ ಕನ್ನಡ. ದೇವರು, ಧೈರ್ಯ ಅಂತ ಒಂದು ಮಾತೂ ಇಲ್ಲ. ಹುಣ್ಣು ತೊಳೆಯುತ್ತಾ ನೇರವಾಗಿ ಕೇಳಿದರು, "ಆವತ್ತು ಎಷ್ಟು ಹೊತ್ತು ಕೂತಿದ್ದೆ? ಯೂರಿನ್‌ಗೆ ಏನು ಮಾಡಿದ್ದೆ?"

ಅಷ್ಟು ದಿನ ಯಾರೂ ಕೇಳದೇ ಇದ್ದ ಪ್ರಶ್ನೆ. ಅವನು ಎಲ್ಲ ಹೇಳಿದ. ನಾನು ಅಲ್ಲೇ ಇದ್ದೆ. ಅವನಿಗೆ ಮೆಟ್ಟಿಲಿನ ಹೆದರಿಕೆ ಇರಲಿಲ್ಲ, ಹೆದರಿಕೆ ವಾಸನೆಯದು. ಜನರ ನಡುವೆ ಕೂತಾಗ ವಾಸನೆ ಬಂದರೆ?

ನರ್ಸ್ ಹೇಳಿದ್ದನ್ನು ಆದಷ್ಟು ಸರಳವಾಗಿ ಬರೆಯುತ್ತೇನೆ, ಇದು ಬೇರೆಯವರಿಗೂ ಬೇಕು. ಸ್ಪರ್ಶ ಇಲ್ಲದ ಜಾಗದಲ್ಲಿ ಒಂದೇ ಕಡೆ ಭಾರ ಬಿದ್ದರೆ ರಕ್ತ ಓಡುವುದಿಲ್ಲ, ನೋವು ಗೊತ್ತಾಗುವುದಿಲ್ಲ, ಚರ್ಮ ಸಾಯುತ್ತದೆ. ಹಾಗಾಗಿ ಒಳ್ಳೆಯ ಕುಶನ್ ಬೇಕು, ಮತ್ತು 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಚೆನ್ನಾಗಿ ಬಾಗಿ ಒಂದೆರಡು ನಿಮಿಷ ಭಾರ ತೆಗೆಯಬೇಕು. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಬೇಕು, ಕೆಂಪಗಾಗಿದ್ದರೆ ಅದು ಮಾಯುವ ತನಕ ಕೂರುವ ಹಾಗಿಲ್ಲ. ಮೂತ್ರಕ್ಕೆ ಖಾಯಂ ಟ್ಯೂಬಿನ ಬದಲು, ಕೈ ಗಟ್ಟಿ ಇರುವವರು ತಾವೇ 4ರಿಂದ 6 ಗಂಟೆಗೊಮ್ಮೆ ಸಣ್ಣ ಟ್ಯೂಬ್ ಹಾಕಿ ಖಾಲಿ ಮಾಡಿ ತೆಗೆಯಬಹುದು. ಇದನ್ನು ಡಾಕ್ಟರಲ್ಲಿ ಕೇಳಿಯೇ ಶುರು ಮಾಡಬೇಕು, ಅವನು ಹಾಗೇ ಮಾಡಿದ. ಲೆಕ್ಕ ನೋಡಿ, ಹೊರಡುವ ಮುಂಚೆ ಖಾಲಿ ಮಾಡಿದರೆ ಹೋಗಿ, ಪೂಜೆ ಮುಗಿಸಿ, ವಾಪಸ್ ಬರುವ ತನಕ ಬೇಕಾದಷ್ಟು ಸಮಯ ಇರುತ್ತದೆ.

ಇದು ಮೊದಲ ತಿರುವು. ಚರ್ಚಿನ ವಿಷಯ ಅಂದುಕೊಂಡದ್ದಕ್ಕೆ ಅರ್ಧ ಉತ್ತರ ಬಚ್ಚಲಿನಲ್ಲಿ ಸಿಕ್ಕಿತು.

ಫಾದರ್ ತಂದ ಪೆಟ್ಟಿಗೆ

ಅಷ್ಟರಲ್ಲಿ ಹಳೆಯ ವಿಗಾರರಿಗೆ ವರ್ಗವಾಗಿ ಹೊಸಬರು ಬಂದರು. ಮೈಕ್ ನೋಡುತ್ತಿದ್ದ ಹುಡುಗ ಕೆಲಸಕ್ಕೆ ಊರು ಬಿಟ್ಟಿದ್ದ. ಪ್ರತಿ ಪೂಜೆಯಲ್ಲೂ ಮೈಕ್ ಕೂಂ ಅಂತ ಕೂಗುವುದು, ಪ್ರಸಂಗದ (ಪ್ರವಚನದ) ಮಧ್ಯೆ ನಿಲ್ಲುವುದು. ಯಾರೋ ಅವರಿಗೆ ಸಿರಿಲ್‌ನ ಹೆಸರು ಹೇಳಿದ್ದಾರೆ. ಒಂದು ಮಧ್ಯಾಹ್ನ ಫಾದರ್ ಮೈಕಿನ ಧ್ವನಿ ಹೊಂದಿಸುವ ಮಿಕ್ಸರನ್ನು ಪೆಟ್ಟಿಗೆಯಲ್ಲಿ ಹಾಕಿ, ವಯರಿನ ಕಟ್ಟಿನೊಂದಿಗೆ ಸಂಕ ದಾಟಿ ಬಂದರು. ಪರಮಪ್ರಸಾದ ಇಲ್ಲ, ಪ್ರಾರ್ಥನೆಯ ಪುಸ್ತಕ ಇಲ್ಲ. "ಇದು ನಮ್ಮ ಮಾನ ತೆಗೆಯುತ್ತಿದೆ, ಒಮ್ಮೆ ನೋಡುತ್ತೀಯಾ?" ಅಂದರು.

ಅವರು ಯೋಚಿಸಿ ಮಾಡಿದರೋ, ನಿಜವಾಗಿ ಮೈಕಿನ ಕಾಟ ತಡೆಯಲಾರದೆ ಬಂದರೋ ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ. ಸಿರಿಲ್ ಹಾಸಿಗೆಯಲ್ಲೇ ಪಕ್ಕಕ್ಕೆ ತಿರುಗಿ ಮಿಕ್ಸರ್ ಬಿಚ್ಚಿದ. ಧೂಳು, ಸಡಿಲವಾದ ಬೆಸುಗೆ, ಒಂದು ಜಿರಲೆ. ಸರಿ ಮಾಡಿ ಕೊಟ್ಟ. ಆಮೇಲೂ ಕೂಗು ನಿಲ್ಲಲಿಲ್ಲ. ಫೋನಿನಲ್ಲಿ ಹೇಳಿಕೊಟ್ಟ, ಸರಿ ಆಗಲಿಲ್ಲ. ಕೊನೆಗೆ ಸಿಟ್ಟಿನಿಂದ, "ಸ್ಪೀಕರ್ ಎಲ್ಲಿ ಇಟ್ಟಿದ್ದಾರೋ ಏನೋ, ನೋಡದೆ ಆಗುವುದಿಲ್ಲ ಮಾರಾಯ, ನನ್ನನ್ನು ಒಮ್ಮೆ ಕರೆದುಕೊಂಡು ಹೋಗು" ಅಂದ.

ಅವನಾಗಿ ಕೇಳಿದ್ದು ಅದೇ ಮೊದಲು. ಎರಡು ಷರತ್ತು ಹಾಕಿದ. ಪೂಜೆ ಇಲ್ಲದ ದಿನ, ಮತ್ತು ಯಾರಿಗೂ ಹೇಳಬಾರದು. ವಾರದ ಮಧ್ಯೆ ಖಾಲಿ ಚರ್ಚಿಗೆ ಹೋದೆವು. ಸ್ಪೀಕರನ್ನು ಮೈಕಿನ ಹಿಂದೆ, ಅದರ ಬಾಯಿಗೇ ಗುರಿ ಇಟ್ಟ ಹಾಗೆ ತೂಗಿಸಿದ್ದರು. ಕೂಗದೆ ಇನ್ನೇನು? ಅದನ್ನು ಮುಂದಕ್ಕೆ ತರಿಸಿದ. ಮಿಕ್ಸರಿನ ಮೇಜನ್ನು ಪಕ್ಕದ ಬಾಗಿಲಿನ ಬಳಿ, ಸಾಕ್ರಿಸ್ತಿಯ (ಫಾದರ್ ಪೂಜೆಗೆ ತಯಾರಾಗುವ ಕೋಣೆಯ) ಹೊರಗೆ ಹಾಕಿಸಿದ, ಎತ್ತರವನ್ನು ತನ್ನ ಕುರ್ಚಿಗೆ ಹೊಂದಿಸಿಕೊಂಡ. ಅಂದರೆ ಅಲ್ಲಿ ಇನ್ನು ಕೂರುವವನು ತಾನೇ ಅಂತ ಬಾಯಲ್ಲಿ ಹೇಳದೆ ಹೇಳಿದ ಹಾಗಾಯಿತು.

ಯಾವ ಪೂಜೆ ಅನ್ನುವ ಪ್ರಶ್ನೆ ಬಂತು. ಭಾನುವಾರ ಬೆಳಿಗ್ಗೆ ಏಳೂವರೆಗೆ ಅಂದರೆ ಅವನು ನಾಲ್ಕಕ್ಕೆ ಏಳಬೇಕು. ಹೊಟ್ಟೆ ಖಾಲಿ ಮಾಡಿ, ಸ್ನಾನ ಮಾಡಿ, ಬಟ್ಟೆ ಹಾಕಿ ಕುರ್ಚಿಗೆ ಬರಲು ಅಷ್ಟು ಹೊತ್ತು ಬೇಕು. ಶನಿವಾರ ಸಂಜೆಯ ಪೂಜೆ ಕನ್ನಡದಲ್ಲಿ, ಜನ ಕಡಿಮೆ, ಚಿಕ್ಕದು. ಅಮ್ಮ ಒಪ್ಪಲಿಲ್ಲ, ಭಾನುವಾರದ ಪೂಜೆ ಭಾನುವಾರವೇ ಆಗಬೇಕು ಅಂದರು. ಫಾದರ್ ಬಂದು ವಿವರಿಸಿದರು, 1983ರ ಧರ್ಮಸಭೆಯ ಕಾನೂನಿನಲ್ಲೇ ಇದೆ, ಹಿಂದಿನ ದಿನ ಸಂಜೆಯ ಪೂಜೆಗೆ ಬಂದರೂ ಭಾನುವಾರದ ಕಡ್ಡಾಯ ಮುಗಿಯುತ್ತದೆ. ಮತ್ತೆ, ಕಾಯಿಲೆಯಿಂದ ಬರಲಾಗದವನಿಗೆ ಆ ಕಡ್ಡಾಯವೂ ಇಲ್ಲ, ಪಾಪವೂ ಇಲ್ಲ. ಬರಲೇಬೇಕು ಅನ್ನುವುದು ಹೋದ ಮೇಲೆ ಬರುವ ಮಾತು ಸುಲಭವಾಯಿತು.

ಮತ್ತು ಇದರಿಂದ ಭಾನುವಾರ ಬೆಳಿಗ್ಗೆ ಅಮ್ಮನಿಗೆ ಸಿಕ್ಕಿತು. ಆ ಹೊತ್ತಿಗೆ ವಾಳೆಯವರು ಯಾರಾದರೊಬ್ಬರು ಅವನ ಮನೆಯಲ್ಲಿ ಇರುತ್ತಾರೆ, ಸರದಿ ಮೇಲೆ. ಅಮ್ಮ ಪೂಜೆಗೆ ಹೋಗಿ, ಹೊರಗೆ ನಿಂತು ಅರ್ಧ ಗಂಟೆ ಮಾತಾಡಿ ಬರುತ್ತಾರೆ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಜಾಸ್ತಿ ಫಲ ಕೊಟ್ಟದ್ದು ಈ ಅರ್ಧ ಗಂಟೆ.

ದಾರಿ, ಹಲಗೆ, ಇಳಿಜಾರು

ಎಲ್ಲರ ಬಾಯಲ್ಲೂ ಚರ್ಚಿನ ರ‍್ಯಾಂಪ್, ರ‍್ಯಾಂಪ್. ನಿಜವಾದ ತೊಂದರೆ ಮನೆಯಿಂದ ರಸ್ತೆಗೆ ಬರುವುದು. ಅಡಿಕೆ ಮರದ ಸಂಕ, ಆಮೇಲೆ ಕಡಿದಾದ ಮೆಟ್ಟಿಲು. ಖಾಲಿ ಚರ್ಚಿಗೆ ಹೋದ ದಿನವೂ ಎತ್ತಿಕೊಂಡೇ ಹೋಗಿದ್ದು. ಅವನಿಗೆ ಅದು ಇಷ್ಟವಿಲ್ಲ, ಪ್ರತಿ ವಾರ ಎತ್ತುವವರೂ ಸಿಗುವುದಿಲ್ಲ. ಕಾಂಕ್ರೀಟ್ ದಾರಿ ಮಾಡಿಸೋಣ ಅಂತ ಅಣ್ಣ ಕುವೈತಿನಿಂದ ದುಡ್ಡು ಕಳಿಸಲು ತಯಾರಿದ್ದ, ಆದರೆ ಆ ಗುಡ್ಡದಲ್ಲಿ ಎಷ್ಟು ಸುರಿದರೂ ಏರು ಏರೇ. ಸಿರಿಲ್ ಬೇರೆ ದಾರಿ ಹೇಳಿದ. ಪಕ್ಕದ ಭಟ್ಟರ ತೋಟದೊಳಗೆ ಅಡಿಕೆ ಸಾಗಿಸಲು ಪಿಕಪ್ ಬರುವ ದಾರಿ ಇದೆ, ಬಹುತೇಕ ಸಮತಟ್ಟು. ನಡುವೆ ಒಂದು ಬೇಲಿ ಅಷ್ಟೆ. ಭಟ್ಟರನ್ನು ಅವನೇ ಫೋನ್ ಮಾಡಿ ಕೇಳಿದ. ಅವರು "ಮೊದಲೇ ಕೇಳಬಾರದಿತ್ತಾ ಮಾರಾಯ" ಅಂದು ಬೇಲಿಗೆ ಒಂದು ಗೇಟು ಇಡಿಸಿದರು. ದನ ನುಗ್ಗದ ಹಾಗೆ ಮುಚ್ಚಬೇಕು, ಅದೊಂದೇ ಷರತ್ತು.

ರಿಕ್ಷಾ ಸ್ಟ್ಯಾಂಡಿನ ಬ್ಯಾರಿ ಹುಡುಗನೊಬ್ಬ ಶನಿವಾರ ಸಂಜೆ ತಪ್ಪದೆ ಬರುತ್ತಾನೆ. ಕುರ್ಚಿಯಿಂದ ರಿಕ್ಷಾ ಸೀಟಿಗೆ ಜಾರಲು ಹಲಸಿನ ಮರದ ಹಲಗೆ ಮಾಡಿಸಿದೆವು, ಎರಡೂವರೆ ಅಡಿ ಉದ್ದ, ಸುಮಾರು ಒಂಬತ್ತು ಇಂಚು ಅಗಲ, ಅಂಚು ಉರುಟು, ಮೇಲ್ಮೈ ಚೆನ್ನಾಗಿ ಉಜ್ಜಿದ್ದು. ಸಿಬುರು ಚುಚ್ಚಿದರೆ ಅವನಿಗೆ ಗೊತ್ತಾಗುವುದಿಲ್ಲ ಅಲ್ವಾ. ರಿಕ್ಷಾ ಸೀಟು ಸ್ವಲ್ಪ ಎತ್ತರ, ಹತ್ತುವಾಗ ಒಬ್ಬರು ಸೊಂಟದ ಬಳಿ ಆಸರೆ ಕೊಡಬೇಕು. ಕಾಲನ್ನು ಒಳಗಿಟ್ಟು ಪಟ್ಟಿ ಕಟ್ಟಲೇಬೇಕು. ಒಮ್ಮೆ ಪಾದ ಹೊರಗೆ ಜಾರಿ ಹೆಬ್ಬೆರಳು ಸುಲಿದಿತ್ತು, ಮನೆಗೆ ಬಂದು ಚಪ್ಪಲಿ ತೆಗೆದಾಗಲೇ ಗೊತ್ತಾದದ್ದು. ಬಾಡಿಗೆ ಅವನದೇ. ಚರ್ಚಿನಲ್ಲಿ ಕಷ್ಟದಲ್ಲಿರುವವರಿಗೆ ನೆರವಾಗುವ ವಿನ್ಸೆಂಟ್ ಪೌಲ್ ಸಭೆಯವರು ಕುಶನ್ ಕೊಟ್ಟಾಗ ತೆಗೆದುಕೊಂಡ, ರಿಕ್ಷಾ ಬಾಡಿಗೆ ಕೊಡುತ್ತೇವೆ ಅಂದಾಗ ಬೇಡ ಅಂದ. ಮಿಕ್ಸಿ, ಫ್ಯಾನು ರಿಪೇರಿ ಮನೆಯಲ್ಲೇ ಶುರು ಮಾಡಿದ್ದಾನೆ.

ಈಗ ರ‍್ಯಾಂಪ್. ಎದುರು ಬಾಗಿಲಿನ ಮೂರು ಮೆಟ್ಟಿಲು ಸೇರಿ 18 ಇಂಚು ಎತ್ತರ. 1ಕ್ಕೆ 12 ಅನ್ನುವುದು ಎಲ್ಲ ಕಡೆ ಒಪ್ಪಿದ ಲೆಕ್ಕ, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಹಾಗಾದರೆ 18 ಅಡಿ ಬೇಕು. ಚರ್ಚಿನ ಕೆಲಸ ನೋಡಿಕೊಳ್ಳುವ ಪಾಲನಾ ಮಂಡಳಿಯ ನಕ್ಷೆಯಲ್ಲಿ ಇದ್ದದ್ದು 6 ಅಡಿ, ಯಾಕೆಂದರೆ ಅದಕ್ಕಿಂತ ಮುಂದೆ ಹೋದರೆ ಶಿಲುಬೆಯ ಕಟ್ಟೆ. ಆ ಏರಿಗೆ ಹಲಗೆ ಇಟ್ಟು, ಮಂಡಳಿಯ ಸದಸ್ಯರೊಬ್ಬರನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿದೆವು. ಅರ್ಧಕ್ಕೆ ಹೋಗುವಾಗ ಕುರ್ಚಿಯ ಮುಂದಿನ ಗಾಲಿ ಎದ್ದಿತು, ಅವರು "ಯೇಸು ಮರಿಯಾ" ಅಂದರು. ನಕ್ಷೆ ಅಲ್ಲಿಗೆ ಮುಗಿಯಿತು. ಪಕ್ಕದ ಬಾಗಿಲಿನಲ್ಲಿ ನೆಲ ಮೊದಲೇ ಎತ್ತರ, ಒಂದೇ ಮೆಟ್ಟಿಲು, 6 ಇಂಚು. ಅಲ್ಲಿ 6 ಅಡಿ ಸರಿಯಾಗಿ ಸಾಕು. ಮೇಲೆ ಕುರ್ಚಿ ತಿರುಗಲು ಐದಡಿ ಚೌಕ, ಎರಡೂ ಅಂಚಿಗೆ ಸಣ್ಣ ಕಟ್ಟೆ, ಕೈಹಿಡಿ, ಶೀಟಿನ ಮಾಡು. ಟೈಲ್ಸ್ ಹಾಕುವುದು ಬೇಡ ಅಂತ ಜಗಳವೇ ಆಯಿತು. ಕೊನೆಗೆ ಸಿಮೆಂಟು ಹಸಿ ಇರುವಾಗ ಹಿಡಿಸೂಡಿ ಎಳೆದು ಗೀರು ಮಾಡಿದ್ದು. ನಮ್ಮ ಮಳೆಗೆ ಅದೂ ಪಾಚಿ ಹಿಡಿಯುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು. ಉಜ್ಜುವವರು ಯಾರು ಅಂತ ಮೊದಲೇ ಗೊತ್ತು ಮಾಡಿ.

ಶೌಚಾಲಯದ ಬಾಗಿಲು ಎರಡಡಿ ಇತ್ತು, ಕುರ್ಚಿ ಅದಕ್ಕಿಂತ ಅಗಲ. ಮೂರಡಿ ಮಾಡಿ, ಬಾಗಿಲು ಹೊರಗೆ ತೆರೆಯುವ ಹಾಗೆ ಇಟ್ಟು, ಗೋಡೆಗೆ ಕಂಬಿ ಹಾಕಿದರು. "ಒಬ್ಬನಿಗಾಗಿ ಇಷ್ಟಾ?" ಅನ್ನುವ ಮಾತು ಬಂತು, ಬರುತ್ತದೆ. ಈಗ ಮೊಣಕಾಲು ನೋವಿನ ಅಜ್ಜಿಯರೆಲ್ಲ ಪಕ್ಕದ ಬಾಗಿಲಿನಲ್ಲೇ ಬರುತ್ತಾರೆ, ಮಿಕ್ಸರಿನ ಹತ್ತಿರ ಟ್ರಾಫಿಕ್ ಜಾಮ್ ಅಂತ ಸಿರಿಲ್ ಗೊಣಗುತ್ತಾನೆ.

ಪೂಜೆಗೆ ಅವನು ಬಂದ ಮೊದಲ ಶನಿವಾರಕ್ಕೆ ಮುಂಚೆ ವಾಳೆಯ ವಾಟ್ಸಾಪ್ ಗುಂಪಿಗೆ ಅವನೇ ಒಂದು ವಾಯ್ಸ್ ಹಾಕಿದ. ತಲೆ ಸವರಬೇಡಿ. ಕೇಳದೆ ಕುರ್ಚಿಯ ಹಿಡಿ ಮುಟ್ಟಬೇಡಿ. ಕಾಲು ಹೇಗಿದೆ ಅಂತ ಕೇಳಬೇಡಿ, ಏನಾದರೂ ಬದಲಾವಣೆ ಇದ್ದರೆ ನಾನೇ ಹೇಳುತ್ತೇನೆ. ಹೆಸರು ಘೋಷಿಸಬೇಡಿ. ಮಾತಾಡುವುದಿದ್ದರೆ ಪಕ್ಕದಲ್ಲಿ ಕೂತು ಮಾತಾಡಿ, ನಿಂತರೆ ನನ್ನ ಕುತ್ತಿಗೆ ನೋಯುತ್ತದೆ. ಕೆಲವರಿಗೆ ಸಿಟ್ಟು ಬಂತು, ಅಹಂಕಾರ ಅಂದರು. ಇಬ್ಬರು ಇವತ್ತಿಗೂ ಮಾತಾಡುವುದಿಲ್ಲ. ಇರಲಿ.

ಪೂಜೆಯಲ್ಲಿ ಜನ ಏಳುವುದು, ಕೂರುವುದು, ಮೊಣಕಾಲೂರುವುದು ಇದ್ದೇ ಇದೆಯಲ್ಲ, ಅದನ್ನೇ ಅವನು ಗಡಿಯಾರ ಮಾಡಿಕೊಂಡಿದ್ದಾನೆ. ಜನ ಎದ್ದಾಗ ಅವನು ಮುಂದಕ್ಕೆ ಬಾಗಿ ಭಾರ ತೆಗೆಯುತ್ತಾನೆ. ಕಷ್ಟ ಪ್ರಸಂಗದಲ್ಲಿ ಮಾತ್ರ. ಅದು ಉದ್ದವಾದರೆ ಮಿಕ್ಸರಿನ ಮೇಲೆ ಪೂರ್ತಿ ಬಾಗುತ್ತಾನೆ, ವಾಲ್ಯೂಮ್ ಕಡಿಮೆ ಮಾಡುತ್ತಾನೋ ಅಂತ ಫಾದರಿಗೆ ಹೆದರಿಕೆ, ಬೇಗ ಮುಗಿಸುತ್ತಾರೆ. ಪರಮಪ್ರಸಾದ ಅವನಿಗೆ ಕೊನೆಗೆ, ಹಿಂದಿನ ಸಾಲಿನವರ ಜೊತೆ. ಮೊದಲು ಬೇಡ ಅಂತ ಅವನೇ ಹೇಳಿದ್ದು.

ಮಳೆಗಾಲ

ಜೂನ್ ಬಂದಾಗ ಎಲ್ಲ ಕೆಟ್ಟಿತು. ಭಟ್ಟರ ತೋಟದ ದಾರಿ ಕೆಸರು, ರಿಕ್ಷಾ ಹೂತು ಹೋಯಿತು. ವಾರಗಟ್ಟಲೆ ಬರಲಾಗಲಿಲ್ಲ. ಅದರ ಮೇಲೆ ಮೂತ್ರದ ಸೋಂಕು, ಜ್ವರ, ಆಸ್ಪತ್ರೆ. ಮನೆಗೆ ಬಂದಾಗ ಪುನಃ ಗೋಡೆಯ ಕಡೆ ಮುಖ. ಬರುವುದಕ್ಕೆ ಅಷ್ಟೊಂದು ಯೋಚಿಸಿದ್ದ ನಮ್ಮ ಗುಂಪು, ಬಾರದ ವಾರಕ್ಕೆ ಏನೂ ಇಟ್ಟಿರಲಿಲ್ಲ.

ವಾಳೆಯ ತಿಂಗಳ ಸಭೆ ಅವನ ಮನೆಯ ಜಗಲಿಯಲ್ಲೇ ಮಾಡೋಣ ಅಂದರು. ಒಮ್ಮೆ ಮಾಡಿದರು, ಅಮ್ಮ ಎಲ್ಲರಿಗೂ ಪತ್ರೊಡೆ ಮಾಡಿ ಮರುದಿನ ಮಲಗಿದರು. ಈಗ ಅಲ್ಲಿ ಸಭೆ ಇದ್ದರೆ ತಿಂಡಿ ಬರುವವರೇ ತರುತ್ತಾರೆ, ಮತ್ತು ಅದು ವರ್ಷಕ್ಕೊಮ್ಮೆ, ಬೇರೆ ಮನೆಗಳ ಹಾಗೆಯೇ.

ಕೆಲಸಕ್ಕೆ ಬಂದದ್ದು ಲೈವ್. ಅವನು ಕಲಿಸುತ್ತಿದ್ದ ಪಿಯುಸಿ ಹುಡುಗನೊಬ್ಬ ಮಿಕ್ಸರಿನಲ್ಲಿ ಕೂತ, ಸಿರಿಲ್ ಮನೆಯಲ್ಲಿ ಇಯರ್‌ಫೋನ್ ಹಾಕಿ ಲೈವ್ ಕೇಳುತ್ತಾ "ಕೀಬೋರ್ಡ್ ಜಾಸ್ತಿ, ಫಾದರ್ ಮೈಕ್ ಕಡಿಮೆ, ಕ್ಯಾಮೆರಾ ಓರೆ" ಅಂತ ಮೆಸೇಜ್ ಹಾಕತೊಡಗಿದ. ಲೈವ್ ಮೊದಲಿಗಿಂತ ಚೆನ್ನಾಗಿ ಬರುತ್ತದೆ, ದುಬೈ, ಕುವೈತಿನಲ್ಲಿರುವವರು ಹೇಳುತ್ತಾರೆ. ನೋಡುತ್ತಾ ಕೂರು ಅಂದಾಗ ಬೇಡವಾಗಿದ್ದ ಅದೇ ಮೊಬೈಲು, ತಪ್ಪು ಹುಡುಕುವ ಕೆಲಸ ಕೊಟ್ಟಾಗ ಕೈಯಿಂದ ಇಳಿಯಲಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಮಳೆ ಸ್ವಲ್ಪ ಬಿಟ್ಟಿತ್ತು. ಕನ್ಯಾ ಮರಿಯಮ್ಮನ ಹುಟ್ಟುಹಬ್ಬ, ಮಕ್ಕಳು ಒಂಬತ್ತು ದಿನ ಹೂ ತರುತ್ತಾರೆ, ಹೊಸ ತೆನೆಯ ಆಶೀರ್ವಾದ ಹೊರಗೆ ಆಗುತ್ತದೆ. ಹೊರಗಿನ ಮೈಕ್ ಅವನದು. ಬೆಳಿಗ್ಗೆಯ ಪೂಜೆ ಆದ್ದರಿಂದ ನಾಲ್ಕಕ್ಕೇ ಎದ್ದಿದ್ದ. ಯಾರೂ ಹೇಳಿದ್ದಲ್ಲ, ಹಿಂದಿನ ವರ್ಷ ಹೊರಗಿನ ಸ್ಪೀಕರ್ ಗೊರಗೊರ ಅಂದದ್ದು ಅವನಿಗೆ ಲೈವಿನಲ್ಲಿ ಕೇಳಿಸಿತ್ತಂತೆ.

ಫೆಬ್ರವರಿ 11ರಂದು ರೋಗಿಗಳ ದಿನದ ಪೂಜೆ ಇರುತ್ತದೆ, 1993ರಿಂದ ಲೋಕದ ಎಲ್ಲ ಕಡೆ ಆಚರಿಸುತ್ತಾರೆ. ರೋಗಿಗಳ ಸಾಲಿನಲ್ಲಿ ಅವನನ್ನೂ ಕೂರಿಸಲು ಹೊರಟರು. "ನನಗೆ ಜ್ವರ ಇಲ್ಲ, ನಾನು ಮೈಕಿಗೆ ಬಂದವನು" ಅಂದ. ಕೂರಲಿಲ್ಲ.

ಈಗ

ಅವನ ನಂಬಿಕೆ ಹೇಗಿದೆ ಅಂತ ಕೆಲವರು ನನ್ನನ್ನು ಗುಟ್ಟಾಗಿ ಕೇಳುತ್ತಾರೆ. ಗೊತ್ತಿಲ್ಲ. ದೇವರ ಜೊತೆ ಲೆಕ್ಕ ಬಾಕಿ ಇದೆ ಅನ್ನುತ್ತಾನೆ. ಹಾಡುವುದಿಲ್ಲ, ಮನೆಯಲ್ಲಿ ಜಪಸರಕ್ಕೆ ಕೂರು ಅಂದರೆ ಅಮ್ಮನ ಮೇಲೆ ರೇಗುತ್ತಾನೆ. ಅದನ್ನು ಸರಿ ಮಾಡುವುದು ನಮ್ಮ ಕೆಲಸ ಅಂತ ನನಗೆ ಅನ್ನಿಸಿಲ್ಲ. ಫಾದರ್ ಕೂಡ ಕೇಳಿದ ಹಾಗಿಲ್ಲ.

ಬೇರೆ ಚರ್ಚಿನವರು ಕೇಳಿದರೆ ನಾನು ಹೇಳುವುದು ಇಷ್ಟು. ಸಿಮೆಂಟು ತರುವ ಮುಂಚೆ ಆ ಮನುಷ್ಯನ ಒಂದು ಇಡೀ ದಿನ ಹೇಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ, ಏಳುವುದರಿಂದ ಹಿಡಿದು, ಶೌಚವೂ ಸೇರಿ. ಗಂಡಸಿನ ಹತ್ತಿರ ಗಂಡಸು, ಹೆಂಗಸಿನ ಹತ್ತಿರ ಹೆಂಗಸು ಕೇಳಿದರೆ ಒಳ್ಳೆಯದು, ನರ್ಸ್ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ನೋಡಿಕೊಳ್ಳುವವರು ಕೊನೆಯ ಸಲ ಪೂಜೆಗೆ ಬಂದದ್ದು ಯಾವಾಗ ಅಂತ ಕೇಳಿ. ಬೀಳುವ ಮೊದಲು ಅವರು ಚರ್ಚಿನಲ್ಲಿ ಏನು ಮಾಡುತ್ತಿದ್ದರು, ಆ ಕೆಲಸ ಈಗ ಯಾರ ಕೈಯಲ್ಲಿದೆ, ಅದು ಚೆನ್ನಾಗಿ ನಡೆಯುತ್ತಿದೆಯಾ ಅಂತಲೂ ನೋಡಿ. ನಮ್ಮಲ್ಲಿ ಅದು ಕೆಟ್ಟದಾಗಿ ನಡೆಯುತ್ತಿದ್ದದ್ದೇ ಅನುಕೂಲವಾಯಿತು.

ಸದ್ಯ ಚರ್ಚೆಯಲ್ಲಿರುವುದು ಸ್ಮಶಾನ. ನವೆಂಬರ್ 2ರಂದು ಸಮಾಧಿಗಳ ಆಶೀರ್ವಾದಕ್ಕೆ ಎಲ್ಲರೂ ಹೋಗುತ್ತಾರೆ, ಅವನ ಅಪ್ಪನ ಸಮಾಧಿ ಕೆಳಗಿನ ಸಾಲಿನಲ್ಲಿದೆ, ಇಳಿಯಲು ಮುರಕಲ್ಲಿನ ಮೆಟ್ಟಿಲು. ಮೇಲಿನಿಂದ ಕೆಳಕ್ಕೆ ನಾಲ್ಕಡಿ, ಅಂದರೆ ಲೆಕ್ಕದ ಪ್ರಕಾರ 48 ಅಡಿ ಇಳಿಜಾರು, ಅಷ್ಟು ಜಾಗ ಇಲ್ಲ. ಹಿಂದಿನ ಗೋಡೆ ಒಡೆದು ಕೆಳಗಿನ ರಸ್ತೆಯಿಂದ ಗೇಟು ಇಡಬಹುದು ಅಂತ ಸಿರಿಲ್ ನಕ್ಷೆ ಬರೆದು ಮಂಡಳಿಗೆ ಕೊಟ್ಟಿದ್ದಾನೆ. ಗೋಡೆ ಒಡೆದರೆ ಹಂದಿ ನುಗ್ಗುತ್ತದೆ ಅಂತ ಇಬ್ಬರು ಸದಸ್ಯರು ವಿರೋಧಿಸಿದ್ದಾರೆ. ಮುಂದಿನ ಮೀಟಿಂಗಿಗೆ ಅವನನ್ನೇ ಕರೆದಿದ್ದಾರೆ.